ಅವ್ವನ ಪರವಾಗಿ ತಿಂದ ಮೊಸರು

ಮೊಸರು ಬಾಯಿಗೆ ಬಿದ್ದ ಕೂಡಲೇ ಅದು ಹೇಗಿದೆ ಎಂದು ಜೋರಾಗಿ ಹೇಳಿಬಿಡುವುದು ನನ್ನ ಚಟ. ಯಾರೂ ಕೇಳಿರುವುದಿಲ್ಲ, ಆದರೂ ಹೇಳುತ್ತೇನೆ. ಹುಳಿ ಇನ್ನೂ ಹಿಡಿದಿಲ್ಲ, ಕೆನೆ ದಪ್ಪಗಿದೆ, ಹಾಲು ಒಂದು ಕುದಿ ಜಾಸ್ತಿಯಾಗಿದೆ, ತಳದಲ್ಲಿ ತುಸು ಹೊಗೆ ವಾಸನೆ ಇದೆ. ಹೀಗೆ ಒಂದೇ ಉಸಿರಿಗೆ ಒದರಿ ಮುಗಿಸಿದ ಮೇಲೆಯೇ ಎರಡನೇ ತುತ್ತು. ಅಥಣಿಯ ಒಂದು ಮದುವೆಯಲ್ಲಿ ಬಡಿಸುವ ಹುಡುಗ ಸೌಟು ಹಿಡಿದುಕೊಂಡೇ ನಿಂತುಬಿಟ್ಟ. "ಯಾಕ್ರಿ ಸಾಹೇಬ್ರ, ಕೆಟ್ಟೈತೇನ್ರಿ?" ಎಂದು ಗಾಬರಿಯಿಂದ ಕೇಳಿದ. ನಾನು ಹೊಗಳಿದ್ದೇ ಹೊರತು ತೆಗಳಿರಲಿಲ್ಲ. ಅಷ್ಟರಲ್ಲಿ ಬೀಗರ ಕಡೆಯವರು ನಾಲ್ಕು ಜನ ತಿರುಗಿ ನೋಡಿದ್ದರು. ನನ್ನ ಹೆಂಡತಿ ರಾಯಬಾಗದವಳು, ಮಾತು ನೆಟ್ಟಗೆ ಆಡುವವಳು. "ನೀವು ಮೊಸರ ತಿನ್ನಾಕ ಕುಂತೀರೋ, ಕೋರ್ಟಿನ್ಯಾಗ ಸಾಕ್ಷಿ ಹೇಳಾಕ ಕುಂತೀರೋ?" ಎಂದು ಪಕ್ಕದಲ್ಲೇ ಗೊಣಗಿದಳು.

ಸಾಕ್ಷಿ ಎಂಬ ಮಾತು ಅವಳು ತಿಳಿದು ಆಡಿದ್ದಲ್ಲ. ಆದರೆ ನನಗೆ ಅದು ಎದೆಗೆ ತಾಗಿತು. ಆವತ್ತು ಹೊರಳಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆಗೆ ಮುಖ ಮಾಡಿ ಕುಳಿತುಬಿಟ್ಟೆ. ಮದುವೆಯ ಊಟ ಭಾರವಾಗಿದೆ ಎಂದು ಅವಳು ತಿಳಿದುಕೊಂಡಳು.

ಈ ಚಟ ನನಗೆ ಹತ್ತಿದ್ದು ಶೇಡಬಾಳದಲ್ಲಿ, ಎಂಬತ್ತರ ದಶಕದ ಮೊದಮೊದಲ ವರ್ಷಗಳಲ್ಲಿ. ನಮ್ಮದು ಜೈನರ ಮನೆ. ಅಪ್ಪನಿಗೆ ಹೊಳೆಯಿಂದ ದೂರದಲ್ಲಿ ಸ್ವಲ್ಪ ಹೊಲ, ಒಂದು ಜೋಡಿ ಎತ್ತು, ಒಂದು ಗಾಡಿ. ಕಬ್ಬಿನ ಸುಗ್ಗಿಯಲ್ಲಿ ಊರವರ ಕಬ್ಬನ್ನು ಕಾರ್ಖಾನೆಗೆ ಹೊಡೆಯುತ್ತಿದ್ದ. ಮನೆಯಲ್ಲಿ ಅಪ್ಪನ ತಾಯಿ, ಅಂದರೆ ನಮ್ಮ ಆಯಿ, ಆಮೇಲೆ ಅವ್ವ, ನಾನು, ತಂಗಿ ಸುಮಿ. ಇಷ್ಟು ಜನರ ಜೊತೆ ಚಂದ್ರಿ. ಚಂದ್ರಿ ಎಂದರೆ ಹಣೆಯ ಮೇಲೆ ಬಿಳಿ ಚುಕ್ಕೆಯಿದ್ದ ಎಮ್ಮೆ.

ಅವ್ವ ಕರೋಶಿಯವಳು. ಅವಳ ತವರಿನಲ್ಲಿ ಎಮ್ಮೆಗಳು ಸಾಲಾಗಿ ಕಟ್ಟಿರುತ್ತಿದ್ದವಂತೆ. ಅಲ್ಲಿ ಬೆಳೆದವಳಾದ್ದರಿಂದ ಅವಳಿಗೆ ಮೊಸರೆಂದರೆ ಪ್ರಾಣ. ನಾವೆಲ್ಲ ರೊಟ್ಟಿಗೆ ಮೊಸರು ಹಚ್ಚಿಕೊಂಡು ತಿಂದರೆ ಅವಳು ಮೊಸರಿಗೆ ಒಂದಿಷ್ಟು ರೊಟ್ಟಿ ಹಚ್ಚಿಕೊಂಡು ತಿನ್ನುತ್ತಿದ್ದಳು. ಶೇಂಗಾ ಚಟ್ನಿಯ ನಡುವೆ ಬೆರಳಿನಿಂದ ಕುಣಿ ಮಾಡಿ, ಅದರಲ್ಲಿ ಮೊಸರು ಹಾಕಿ, ಕೆನೆಯನ್ನು ಕೊನೆಗೆ ಉಳಿಸಿಕೊಳ್ಳುತ್ತಿದ್ದಳು. ಆಯಿ ಚೇಷ್ಟೆ ಮಾಡುತ್ತಿದ್ದಳು. "ನಿಮ್ಮಪ್ಪ ನಿನ್ನ ಕೊಡೂ ಮುಂದ ಎಮ್ಮಿನೂ ಕೊಟ್ಟು ಕಳಸಬೇಕಿತ್ತ ನೋಡ." ಅವ್ವ ಬಾಯಿ ತುಂಬ ಮೊಸರಿಟ್ಟುಕೊಂಡೇ ನಗುತ್ತಿದ್ದಳು.

ನಮ್ಮ ಮನೆಯಲ್ಲಿ ಹಾಲಿಗೆ ಶಾಸ್ತ್ರ ಬಹಳ. ಕರೆದ ಕೂಡಲೇ ಅರಿವೆಯಲ್ಲಿ ಸೋಸಿ ಒಲೆಗೆ ಇಡಬೇಕು. ಹೆಪ್ಪಿಗೆ ನಿನ್ನೆಯ ಮೊಸರು ನಡೆಯುವುದಿಲ್ಲ, ಒಣ ಮೆಣಸಿನಕಾಯಿಯ ತೊಟ್ಟು ಹಾಕಬೇಕು. ಒಮ್ಮೊಮ್ಮೆ ಗಡ್ಡೆಯಂಥ ಮೊಸರಾಗುತ್ತಿತ್ತು, ಒಮ್ಮೊಮ್ಮೆ ಲೋಳೆಲೋಳೆಯಾಗಿ ಎಳೆ ಬಿಡುತ್ತಿತ್ತು. ಎಮ್ಮೆ ಈದರೆ ಮೊದಲ ಕೆಲವು ದಿನ ಆ ಹಾಲು ನಮಗಿಲ್ಲ. ಗಿಣ್ಣದ ಹಾಲೆಲ್ಲ ಗೋಡೆಯಾಚೆಯ ಮೆಹಬೂಬಿಯ ಮನೆಗೆ ಹೋಗುತ್ತಿತ್ತು. ಅವಳ ಗಂಡ ದರ್ಜಿ. ಅವಳು ಬೆಲ್ಲ ಏಲಕ್ಕಿ ಹಾಕಿ ಗಿಣ್ಣ ಕಾಸಿದಳೆಂದರೆ ಈಚೆ ಕಡೆ ನಾನು, ಸುಮಿ ಗೋಡೆಗೆ ಬೆನ್ನು ಹಚ್ಚಿ ಕುಳಿತಿರುತ್ತಿದ್ದೆವು. ಒಮ್ಮೆ ತಡೆಯಲಾರದೆ ಹೋಗಿ ತಿಂದೂ ಬಂದೆ. ಮೆಹಬೂಬಿ ತನ್ನ ಸೆರಗಿನಿಂದ ನನ್ನ ಬಾಯಿ ತಿಕ್ಕಿ ತಿಕ್ಕಿ ಒರೆಸಿ ಕಳಿಸಿದ್ದಳು. ಏಲಕ್ಕಿಯ ವಾಸನೆ ಒರೆಸಲು ಆಗುತ್ತದೆಯೇ? ಆಯಿ ಹೊಸ್ತಿಲಲ್ಲೇ ಹಿಡಿದಳು, ಮೈಮೇಲೆ ತಣ್ಣೀರು ಸುರಿದಳು, ನವಕಾರ ಮಂತ್ರ ಹೇಳಿಸಿದಳು. ಆ ಗಿಣ್ಣದ ರುಚಿ ಮಾತ್ರ ಮಂತ್ರಕ್ಕೆ ಹೋಗಲಿಲ್ಲ.

ಆ ಮೆಹಬೂಬಿ ದಿನಾ ಬೆಳಿಗ್ಗೆ ಒಂದು ಬೋಗುಣಿ ಹಿಡಿದು ಮಜ್ಜಿಗೆಗೆ ಬರುತ್ತಿದ್ದಳು. ಮಜ್ಜಿಗೆಗೆ ಊರಲ್ಲಿ ದುಡ್ಡು ಕೇಳುವ ಮಾತೇ ಇರಲಿಲ್ಲ. ಎಮ್ಮೆ ಇದ್ದವರು ಕೊಡಬೇಕು, ಇಲ್ಲದವರು ಒಯ್ಯಬೇಕು, ಅಷ್ಟೇ.

ಒಂದು ಸುಗ್ಗಿಯಲ್ಲಿ ಕಬ್ಬಿನ ಗಾಡಿ ಹಳ್ಳದ ಇಳಿಜಾರಿನಲ್ಲಿ ಮಗುಚಿ ಅಪ್ಪನ ಕಾಲು ಮುರಿಯಿತು. ಮೀರಜಿನ ಆಸ್ಪತ್ರೆಯಲ್ಲಿ ಬಹಳ ದಿನ ಇಟ್ಟುಕೊಂಡರು. ಆ ಖರ್ಚಿಗೆ ಎತ್ತು ಹೋದವು, ಗಾಡಿ ಹೋಯಿತು, ಕೊನೆಗೆ ಚಂದ್ರಿಯನ್ನು ಪಾಲಬಾವಿಯ ಸಂಬಂಧಿಕರೊಬ್ಬರು ಹೊಡೆದುಕೊಂಡು ಹೋದರು. ಚಂದ್ರಿ ಹೋದ ಮರುದಿನ ಬೆಳಿಗ್ಗೆ ಮೆಹಬೂಬಿ ರೂಢಿಯಂತೆ ಬೋಗುಣಿ ಹಿಡಿದು ಬಾಗಿಲಿಗೆ ಬಂದಳು. ಖಾಲಿ ಗೂಟ ನೋಡಿದಳು. ಬೋಗುಣಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು, "ಬೆಂಕಿ ಐತೇನ ಚಂಪಕ್ಕಾ, ಒಲಿ ಹಚ್ಚಬೇಕಿತ್ತ" ಎಂದಳು. ಅವ್ವ ಒಲೆಯಿಂದ ಕೆಂಡ ತೆಗೆದುಕೊಟ್ಟಳು. ಅದನ್ನು ಹಿಡಿಯಲು ಮೆಹಬೂಬಿ ಬೋಗುಣಿಯನ್ನು ಹೊರಗೆ ತೆಗೆಯಲೇಬೇಕಾಯಿತು. ಇಬ್ಬರೂ ಅದನ್ನು ನೋಡದವರ ಹಾಗೆ ಮಾಡಿದರು.

ಆಮೇಲೆ ಪಾಟೀಲರ ಮನೆಯಿಂದ ಒಂದು ತಂಬಿಗೆ ಹಾಲು ತಿಂಗಳ ವರ್ತನೆಗೆ ಬರತೊಡಗಿತು. ಅವರ ಮನೆಯ ಮಜ್ಜಿಗೆಗೆ ಅವ್ವ ನಮ್ಮನ್ನು ಒಂದು ದಿನವೂ ಕಳಿಸಲಿಲ್ಲ. ನಿನ್ನೆಯವರೆಗೆ ಕೊಟ್ಟ ಕೈ ಇಂದು ಪಾತ್ರೆ ಹಿಡಿಯಲು ಒಪ್ಪಲಿಲ್ಲ. ಆ ಒಂದು ತಂಬಿಗೆಯಲ್ಲಿ ಅಪ್ಪನ ಕಾಲಿಗೆ ಹಾಲಾಗಬೇಕು, ಸುಮಿ ಸಣ್ಣವಳು, ಆಯಿಗೆ ಹಲ್ಲಿಲ್ಲದ್ದರಿಂದ ಮೊಸರನ್ನವಿಲ್ಲದೆ ನಡೆಯದು. ಹಾಲು ಕಡಿಮೆ ಇತ್ತು, ಆದರೆ ಜಗಳ ನಡೆಯುತ್ತಿದ್ದುದು ಬೇರೆ ಕಾರಣಕ್ಕೆ. ಪ್ರತಿಯೊಬ್ಬರೂ ತಮಗೆ ಬೇಡ ಎನ್ನುತ್ತಿದ್ದರು. ಅಪ್ಪ ಅರ್ಧ ಲೋಟ ಉಳಿಸಿ "ಹೊಟ್ಟಿ ತುಂಬೇತಿ" ಎನ್ನುವನು. ಆಯಿ ಮೊಸರಿನ ಬಟ್ಟಲನ್ನು ಸೊಸೆಯ ಕಡೆ ದೂಡುವಳು. ಅವ್ವ ತಿರುಗಿ ದೂಡುವಳು. ಆಯಿ, "ನೀ ತಿನ್ನದ ಹೊರತು ನಾ ಮುಟ್ಟಾಂಗಿಲ್ಲ" ಎಂದು ಹಟಕ್ಕೆ ಬೀಳುವಳು. ಸಂಜೆ ಸೂರ್ಯ ಮುಳುಗುವ ಮೊದಲೇ ಉಣ್ಣುವವರು ನಾವು. ಇವರ ಉಪಚಾರ ಮುಗಿಯುವಷ್ಟರಲ್ಲಿ ಹೊತ್ತು ಮುಳುಗಿ, ಆ ಮೊಸರು ಯಾರಿಗೂ ಇಲ್ಲದೆ ಉಳಿದ ದಿನಗಳೂ ಇದ್ದವು. ಪ್ರೀತಿಯಿಂದ ಮನುಷ್ಯರು ಇಷ್ಟು ಉಪವಾಸ ಬೀಳುವುದನ್ನು ನಾನು ಮತ್ತೆಲ್ಲೂ ನೋಡಿಲ್ಲ.

ಆ ವರ್ಷ ನಮ್ಮೂರಿನಲ್ಲಿ ಮುನಿ ಮಹಾರಾಜರೊಬ್ಬರ ಚಾತುರ್ಮಾಸವಿತ್ತು. ಮಳೆಗಾಲದ ನಾಲ್ಕು ತಿಂಗಳು ಅವರು ಒಂದೇ ಊರಲ್ಲಿ ನಿಲ್ಲುತ್ತಾರೆ. ಆಗ ನಮ್ಮಂಥ ಗೃಹಸ್ಥ ಶ್ರಾವಕರು ಅವರ ಮುಂದೆ ಯಾವುದಾದರೂ ಒಂದು ಪದಾರ್ಥ ಬಿಡುವ ನೇಮ ಹಿಡಿಯುತ್ತಾರೆ. ಒಬ್ಬರು ಉಪ್ಪು, ಒಬ್ಬರು ಸಿಹಿ, ಒಬ್ಬರು ಎಣ್ಣೆ. ನೇಮ ಹಿಡಿದವರಿಗೆ ಮನೆಯವರು ಒತ್ತಾಯ ಮಾಡುವಂತಿಲ್ಲ, ಮಾಡಿದರೆ ಪಾಪ. ಬಸದಿಗೆ ಹೋಗುವ ದಾರಿಯಲ್ಲಿ ಅವ್ವ ಆಯಿಗೆ ಹೇಳಿದಳು. "ನಾಕ ತಿಂಗಳ ಹಾಲು ಮೊಸರ ಬಿಡ್ತೀನ್ರಿ ಅತ್ತಿ. ನಿಮ್ಮ ಜಗಳರ ತಪ್ಪಲಿ. ಅಷ್ಟರಾಗ ಇವ್ರೂ ಎದ್ದ ನಿಂದರ್ತಾರ."

ಆಯಿ ಬೇಡ ಎನ್ನಲಿಲ್ಲ. ಅವಳಿಗೂ ದಾರಿ ಕಂಡಿರಲಿಲ್ಲ.

ಬಸದಿಯಲ್ಲಿ ಹೆಂಗಸರ ಸಾಲಿನಲ್ಲಿ ನಾನು ಅವ್ವನ ತೊಡೆಗೆ ಅಂಟಿಕೊಂಡು ಕುಳಿತಿದ್ದೆ. ಒಬ್ಬೊಬ್ಬರೇ ಮುಂದೆ ಹೋಗುತ್ತಿದ್ದರು. ಪಾಟೀಲರ ಮನೆಯಾಕೆ ಹಾಗಲಕಾಯಿ ಬಿಟ್ಟಳು. ಆಕೆ ಹುಟ್ಟಿದಾಗಿನಿಂದ ಹಾಗಲಕಾಯಿ ಮುಟ್ಟಿದವಳಲ್ಲ ಎಂಬುದು ಊರಿಗೆಲ್ಲ ಗೊತ್ತು, ಮಹಾರಾಜರೂ ಸಣ್ಣಗೆ ನಕ್ಕರು. ಅವ್ವ ಹೋಗಿ ಕೈಮುಗಿದು, "ಹಾಲು, ಮೊಸರ, ಮಜ್ಜಿಗಿ ಬಿಡ್ತೀನ್ರಿ ಮಹಾರಾಜ" ಎಂದಳು.

"ಎಷ್ಟು ದಿನ ತಾಯಿ?" ಎಂದು ಅವರು ಕೇಳಿದರು.

ಅವ್ವ ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಂದು ದನಿ ಬಂತು. "ಎಮ್ಮಿ ಬರೋತನಕ ಇರಬೇಕು." ಕಿಸಕ್ಕನೆ ನಾಲ್ಕೈದು ಜನ ನಕ್ಕರು. ಯಾರು ಅಂದರೆಂದು ಅವ್ವ ಹೊರಳಿ ನೋಡಲಿಲ್ಲ. ಅವಳ ಕಿವಿ ಕೆಂಪಾದದ್ದು ನನಗೆ ಕಂಡಿತು.

"ಇರೋತನಕ" ಎಂದಳು ಅವ್ವ.

ನಗು ನಿಂತಿತು. ಮಹಾರಾಜರು ಮೆಲ್ಲಗೆ ಹೇಳಿದರು, "ವಿಚಾರ ಮಾಡು ತಾಯಿ. ಜೀವ ಇರೋತನಕ ಅಂದರೆ ದೊಡ್ಡ ಮಾತು. ನಾಲ್ಕು ತಿಂಗಳು ಸಾಕು."

"ವಿಚಾರ ಮಾಡೀನ್ರಿ" ಎಂದಳು. ಮಾಡಿರಲಿಲ್ಲ. ಎಂದೂ ವಿಚಾರ ಮಾಡದೆ ಒಂದು ಸೂಜಿಯನ್ನೂ ಕೊಳ್ಳದ ಹೆಂಗಸು, ತನಗೆ ಎಲ್ಲಕ್ಕಿಂತ ಪ್ರಿಯವಾದದ್ದನ್ನು ಒಂದು ಕ್ಷಣದ ಮಾನಕ್ಕಾಗಿ ಕೊಟ್ಟು ಎದ್ದು ಬಂದಳು. ಮನೆಗೆ ಬಂದು ಅಪ್ಪನಿಗೆ ಹೇಳಿದಾಗ ಅಪ್ಪ ಪಟ್ಟಿ ಕಟ್ಟಿದ ಕಾಲನ್ನೇ ನೋಡುತ್ತ ಕುಳಿತ. ಹಿಂದಿನ ಸಾಲಿನ ಆ ಮಾತನ್ನು ಮಾತ್ರ ಅವನಿಗೆ ಯಾರೂ ಹೇಳಲಿಲ್ಲ.

ಅಂದಿನಿಂದ ಜಗಳ ತಪ್ಪಿತು. ಮನೆ ತಣ್ಣಗಾಯಿತು, ನನಗೆ ಆ ತಣ್ಣಗಿನ ಊಟಕ್ಕಿಂತ ಮೊದಲಿನ ಜಗಳವೇ ಚೆಂದವಿತ್ತು ಅನಿಸುತ್ತಿತ್ತು. ಅವ್ವ ಬೆಲ್ಲದ ಕರಿ ಚಹಾ ಕುಡಿಯುವಳು, ರೊಟ್ಟಿಯನ್ನು ಬರೀ ಚಟ್ನಿಯಲ್ಲಿ ತಿನ್ನುವಳು. ಚಟ್ನಿಯ ನಡುವೆ ಬೆರಳು ತಾನಾಗಿಯೇ ಕುಣಿ ಮಾಡುತ್ತಿತ್ತು. ಮಾಡಿದ ಮೇಲೆ ನೆನಪಾಗಿ ಮತ್ತೆ ಮುಚ್ಚುವಳು.

ಇನ್ನೊಂದು ತೊಂದರೆ ಹುಟ್ಟಿತು. ಮೆಣಸಿನ ತೊಟ್ಟಿನ ಮೊಸರು ಸರಿಯಾಗಿ ಬಿದ್ದಿದೆಯೋ ಇಲ್ಲವೋ ಎಂದು ತಿಂದು ನೋಡುವವರು ಯಾರು? ಹೆಪ್ಪು ಹಾಕುವವಳು ಅವಳೇ, ಅವಳು ಮುಟ್ಟುವಂತಿಲ್ಲ. ಹೀಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು. ಅಂಗೈಗೆ ಒಂದಿಷ್ಟು ಹಾಕಿ ಕೇಳುವಳು, "ಬಾಳ್ಯಾ, ಹೆಂಗೈತಿ?"

"ಚೊಲೊ ಐತಿ."

"ಚೊಲೊ ಅಂದ್ರ ಹೆಂಗ?"

"ಚೊಲೊ ಅಂದ್ರ ಚೊಲೊ."

"ಹಂಗಲ್ಲೊ. ಹುಳಿ ನಾಲಿಗಿ ತುದಿಗಿ ಹತ್ತತೈತೋ, ಹಿಂದ ಹತ್ತತೈತೋ? ಕೆನಿ ಮುರೀತೈತೋ, ಜಗ್ಗತೈತೋ? ನಿಂತು ಹೇಳ."

ನಾನು ನಿಂತು ಹೇಳುವುದನ್ನು ಕಲಿತೆ. ಹೇಳುವಾಗ ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು, ಗಂಟಲು ಒಮ್ಮೆ ನುಂಗಿದಂತೆ ಆಡುತ್ತಿತ್ತು. ಅದನ್ನು ನೋಡಿ ನನಗೆ ಉಮೇದು ಬರುತ್ತಿತ್ತು. ಇರುವುದಕ್ಕೆ ಇಲ್ಲದ್ದನ್ನೂ ಸೇರಿಸಿ ಹೇಳತೊಡಗಿದೆ. ಒಂದು ಸಲ ಲೋಳೆಯಾದ ಮೊಸರನ್ನು ಬೆಣ್ಣೆಯಂತಿದೆ ಎಂದುಬಿಟ್ಟೆ. ಅವ್ವ ಪಾತ್ರೆಯನ್ನು ಮೂಗಿನ ಹತ್ತಿರ ಹಿಡಿದು, ನನ್ನ ತಲೆಗೆ ಸೌಟಿನಿಂದ ಒಂದು ಮೊಟಕಿ, "ಸುಳ್ಳ ಹೇಳಿ ನನ್ನ ಬಾಯಿ ಕೆಡಸಬ್ಯಾಡ" ಎಂದಳು. ನನ್ನ ಬಾಯಲ್ಲಿ ತಿನ್ನುತ್ತಿದ್ದವಳು ಅವಳೇ ಎಂದು ನನಗೆ ಹೊಳೆದದ್ದು ಆವತ್ತು.

ದಿನಗಳು ತಿರುಗಿದವು. ಅಪ್ಪ ಕುಂಟುತ್ತಲೇ ಎದ್ದ. ಹೊಳೆಯ ನೀರು ಪೈಪಿನಲ್ಲಿ ನಮ್ಮ ಹೊಲದವರೆಗೂ ಬಂತು. ಜೋಳ ಬೆಳೆಯುತ್ತಿದ್ದಲ್ಲಿ ಕಬ್ಬು ನಿಂತಿತು. ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಅಪ್ಪ ಒಂದು ದಿನ ಯಾರಿಗೂ ಹೇಳದೆ ಪಾಲಬಾವಿಗೆ ಹೋಗಿ ಚಂದ್ರಿಯ ಮಗಳನ್ನು ಹೊಡೆದುಕೊಂಡು ಬಂದ. ಅದೇ ಹಣೆ, ಅದೇ ಚುಕ್ಕೆ. ಈದು ಎರಡು ತಿಂಗಳಾಗಿತ್ತು, ಹಾಲು ಜೋರಾಗಿ ಕೊಡುತ್ತಿತ್ತು. ಅವ್ವ ಆರತಿ ಮಾಡಿ, ಅದರ ಕೊರಳು ತಬ್ಬಿ ಅತ್ತಳು. ಆ ಸಂಜೆ ಅಪ್ಪ ತಾನೇ ಹಿಂಡಿ, ತಾನೇ ಸೋಸಿ, ತಾನೇ ಕಾಸಿ, ಒಂದು ಲೋಟ ತುಂಬಿ ಅವ್ವನ ಮುಂದೆ ಇಟ್ಟ. ಅಷ್ಟು ವರ್ಷಗಳಲ್ಲಿ ಅಪ್ಪ ಒಲೆಯ ಮುಂದೆ ಕುಳಿತದ್ದನ್ನು ನಾವು ನೋಡಿರಲಿಲ್ಲ.

"ಕುಡಿ. ಎಮ್ಮಿ ಬಂತಲ್ಲ" ಎಂದ.

ಪಾಪ, ಅವನು ಸಂತೋಷಕ್ಕೆ ಅಂದ ಮಾತು. ಅವ್ವನ ಮುಖ ಬಿಳುಪೇರಿತು. "ಎಮ್ಮಿ ಬರೋತನಕ ಅಂದಿರಲಿಲ್ರಿ ನಾ" ಎಂದಳು. ಲೋಟವನ್ನು ಸುಮಿಯ ಕಡೆ ಸರಿಸಿದಳು.

ಅಪ್ಪ ಸುಮ್ಮನಾಗಲಿಲ್ಲ. ಬಸದಿಯ ಪಂಡಿತರ ಹತ್ತಿರ ಹೋಗಿ ಕೇಳಿಕೊಂಡು ಬಂದ. ಪ್ರಾಯಶ್ಚಿತ್ತವಿದೆ, ಮನಸ್ಸು ಶುದ್ಧವಿದ್ದರೆ ಬಿಡಿಸಿಕೊಳ್ಳಬಹುದು ಎಂದರಂತೆ. ಆಗಲೇ ಅವ್ವ ಹಿಂದಿನ ಸಾಲಿನ ಮಾತನ್ನು ಮೊದಲ ಸಲ ಅಪ್ಪನಿಗೆ ಹೇಳಿದ್ದು. "ಈಗ ನಾ ಕುಡದ್ರ ಆವತ್ತ ಆಕಿ ಅಂದದ್ದ ಖರೇ ಆಕೈತಿ. ಇವ್ರ ಮನ್ಯಾಗ ಹಾಲಿಲ್ಲದಕ್ಕ ದೇವರ ಹೆಸರ ಹೇಳಿದ್ರು ಅಂತಾರ. ನಿಮ್ಮ ಹೆಸರಿಗಿ ಆ ಮಾತು ಬರೂದ ಬ್ಯಾಡ."

ಅಪ್ಪ ಆಮೇಲೆ ಅವಳ ಎದುರಿಗೆ ಮೊಸರು ತಿನ್ನಲಿಲ್ಲ. ಬಿಟ್ಟೆನೆಂದು ಹೇಳಲಿಲ್ಲ, ನೇಮವನ್ನೂ ಹಿಡಿಯಲಿಲ್ಲ. ಅವಳು ಹಿತ್ತಲಿಗೆ ಹೋದಾಗ ಗಬಗಬ ತಿಂದು ಬಾಯಿ ತೊಳೆದುಕೊಳ್ಳುತ್ತಿದ್ದ. ಅವಳಿಗೆ ಅದು ಗೊತ್ತಿತ್ತು. ಅದಕ್ಕೇ ಊಟದ ಹೊತ್ತಿಗೆ ಹಿತ್ತಲಿನಲ್ಲಿ ಅವಳಿಗೆ ಏನಾದರೂ ಕೆಲಸ ಬರುತ್ತಿತ್ತು.

ಮುಂದೆ ಎಮ್ಮೆ ಎರಡಾದವು. ಒಂದು ಜರ್ಸಿ ಆಕಳೂ ಬಂತು. ಊರಿಗೆ ಡೇರಿ ಬಂತು. ಬೆಳಿಗ್ಗೆ ಸಂಜೆ ಕ್ಯಾನು ಹಿಡಿದು ಜನ ಸಾಲು ನಿಂತರು. ಮಜ್ಜಿಗೆ ಎಂಬುದು ಊರಲ್ಲಿ ಕಾಣದಾಯಿತು. ಅವ್ವ ಒಂದು ಎಮ್ಮೆಯ ಹಾಲನ್ನು ಮಾತ್ರ ಡೇರಿಗೆ ಬಿಡಲಿಲ್ಲ. ಅದರಲ್ಲಿ ಮೊಸರು, ಬೆಣ್ಣೆ, ತುಪ್ಪ, ಯುಗಾದಿ ಪಾಡವಾದ ದಿನ ಶ್ರೀಖಂಡ. ಮೆಹಬೂಬಿಯ ಬೋಗುಣಿ ಮತ್ತೆ ಬರತೊಡಗಿತು. ಆದರೆ ಆಯಿ ಅಷ್ಟೊತ್ತಿಗೆ ತೀರಿಕೊಂಡಿದ್ದಳು. ಮನೆ ತುಂಬ ಮೊಸರಿದ್ದ ಕಾಲವನ್ನು ನೋಡುವ ಪುಣ್ಯ ಅವಳಿಗೆ ಸಿಗಲಿಲ್ಲ. ಅವ್ವ ಶ್ರೀಖಂಡಕ್ಕೆ ಮೊಸರು ಕಟ್ಟುವಾಗಲೆಲ್ಲ ಅವಳ ಹೆಸರು ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಮೆಹಬೂಬಿ ಒಬ್ಬಳೇ ಅವ್ವನ ಎದುರಿಗೆ ಈ ವಿಷಯ ಎತ್ತುತ್ತಿದ್ದಳು. ಒಂದು ರಂಜಾನಿನಲ್ಲಿ ಮಜ್ಜಿಗೆ ಒಯ್ಯಲು ಬಂದವಳು ಕಟ್ಟೆಯ ಮೇಲೆ ಕುಳಿತು ಕೇಳಿದಳು. "ನಮ್ಮ ರೋಜಾ ಸಂಜಿ ಆದ್ರ ಬಿಡತೈತಿ ಚಂಪಕ್ಕಾ. ನಿಮ್ಮದಕ್ಕ ಸಂಜಿನ ಇಲ್ಲೇನ?"

"ಆಕೈತಿ ತಗೊ ಒಂದ ದಿನ" ಎಂದು ಅವ್ವ ನಕ್ಕು ಬೋಗುಣಿ ತುಂಬಿದಳು.

ನಾನು ಚಿಕ್ಕೋಡಿಯಲ್ಲಿ ನೌಕರಿ ಹಿಡಿದ ಮೇಲೆ ಶನಿವಾರ ಊರಿಗೆ ಹೋದರೆ ಚೀಲ ಇಳಿಸುವಷ್ಟರಲ್ಲಿ ಅಂಗೈಗೆ ಮೊಸರು ಬೀಳುತ್ತಿತ್ತು. ಅವ್ವ ವಾರವಿಡೀ ಸುಮಿಯ ಮಾತಿನಲ್ಲಿ ತಿಂದು ಬೇಸತ್ತಿರುತ್ತಿದ್ದಳು. "ಅಕಿಗಿ ಹೇಳಾಕ ಬರಾಂಗಿಲ್ಲ. ನೀ ಹೇಳ, ಹೆಂಗೈತಿ?" ನಾನು ನಿಂತು, ನಿಧಾನವಾಗಿ, ಸುಳ್ಳು ಸೇರಿಸದೆ ಹೇಳುತ್ತಿದ್ದೆ. ಮೀಸೆ ಬಂದ ಗಂಡಸು ಅಂಗೈ ನೆಕ್ಕುತ್ತ ಮೊಸರಿನ ವರ್ಣನೆ ಮಾಡುವುದನ್ನು ನೋಡಿ ಬಂದ ಬೀಗರು ನಕ್ಕದ್ದೂ ಉಂಟು.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಅವ್ವನಿಗೆ ಹೊಟ್ಟೆಯ ಬೇನೆ ಹತ್ತಿತು. ಅನ್ನ ನಿಲ್ಲದಾಯಿತು. ಮೀರಜಿನ ಡಾಕ್ಟರು ನನ್ನ ಕಡೆ ತಿರುಗಿ ಮರಾಠಿಯಲ್ಲಿ ಹೇಳಿದರು, ಹಾಲು, ಮೊಸರನ್ನ, ತಿಳಿ ಮಜ್ಜಿಗೆ, ಬೇರೇನೂ ಬೇಡ. ಮಲಗಿದ್ದ ಅವ್ವ ಅವರ ಮಾತಿನಲ್ಲೇ ಉತ್ತರ ಕೊಟ್ಟಳು. "ಮಲಾ ನೇಮ ಆಹೆ, ಡಾಕ್ಟರ್." ನನಗೆ ನೇಮವಿದೆ ಎಂದು. ಡಾಕ್ಟರು ಅಪ್ಪನನ್ನು ನೋಡಿದರು. ಅಪ್ಪ ಹೊರಗೆ ಹೋಗಿ ವರಾಂಡದ ಬೆಂಚಿನ ಮೇಲೆ ಕುಳಿತು, ಮಗುವಿನ ಹಾಗೆ ಅತ್ತ. ಗಂಜಿಯ ತಿಳಿಯಲ್ಲಿ ಅವಳು ಇನ್ನೂ ಕೆಲವು ದಿನ ದೂಡಿದಳು. ಮನೆಗೆ ಕರೆತಂದ ಮೇಲೆ, ಹೋಗುವ ಹಿಂದಿನ ದಿನವೂ ನನ್ನ ಅಂಗೈಗೆ ಸುಮಿಯಿಂದ ಮೊಸರು ಹಾಕಿಸಿದಳು. ದನಿ ಇರಲಿಲ್ಲ, ತುಟಿ ಅಲ್ಲಾಡಿತು ಅಷ್ಟೇ. ನಾನು ಹೇಳಿದೆ. ಎಷ್ಟು ಹೊತ್ತು ಹೇಳಿದೆನೋ ಗೊತ್ತಿಲ್ಲ. ಅವಳ ಕಣ್ಣು ಮುಚ್ಚಿಯೇ ಇತ್ತು.

ಅವ್ವ ತೀರಿದ ಮೂರನೇ ದಿನ ಸುಡುಗಾಡಿಗೆ ಬೂದಿ ತುಂಬಲು ಹೋದೆವು. ಕೆಲವರು ಬರೀ ನೀರು ಹಾಕಿ ಬೂದಿ ತಣಿಸುತ್ತಾರೆ, ನಮ್ಮ ಮನೆತನದಲ್ಲಿ ಹಾಲು ಚಿಮುಕಿಸುವ ರೂಢಿ. ಬಸದಿಯ ಪಂಡಿತರು ತಂಬಿಗೆ ಎತ್ತಿ ಬಗ್ಗಿದ್ದರು. ಅಪ್ಪ ಕುಂಟುತ್ತ ಹೋಗಿ ಅವರ ಕೈ ಹಿಡಿದ.

"ಬ್ಯಾಡ್ರಿ. ಆಕಿದು ನೇಮ ಐತಿ."

ಪಂಡಿತರು ವಯಸ್ಸಾದವರು. ಆ ಚಾತುರ್ಮಾಸದಲ್ಲಿ ಬಸದಿಯಲ್ಲಿ ಇದ್ದವರು. ತಂಬಿಗೆಯನ್ನು ಅಪ್ಪನ ಕೈಗೇ ಕೊಟ್ಟರು. "ಇರೋತನಕ ಅಂದಿದ್ಳಪ್ಪಾ. ನಡಸಿದ್ಳು. ಮುಗೀತು. ಈಗ ನೀನ ಹಾಕ."

ಅಪ್ಪ ಮುರಿದ ಕಾಲನ್ನು ಚಾಚಿ ಕುಳಿತ. ಚಂದ್ರಿಯ ಮಗಳ ಹಾಲು, ಬೆಳಿಗ್ಗೆ ಅವನೇ ಕರೆದು ಸೋಸಿ ಕಾಸಿದ್ದು. ಎಲ್ಲೂ ಚೆಲ್ಲದ ಹಾಗೆ, ಸ್ವಲ್ಪ ಸ್ವಲ್ಪವಾಗಿ ಸುರಿದ. ಬೂದಿ ಹೀರಿಕೊಂಡಿತು. ತಂಬಿಗೆ ಬರಿದಾದ ಮೇಲೂ ಏಳಲಿಲ್ಲ. ಮುಂದಕ್ಕೆ ಬಗ್ಗಿ, ಪಕ್ಕದಲ್ಲಿ ಕುಳಿತವಳನ್ನು ಕೇಳುವಷ್ಟೇ ಸಣ್ಣ ದನಿಯಲ್ಲಿ ಕೇಳಿದ.

"ಹೆಂಗೈತಿ?"

ಅಷ್ಟು ವರ್ಷ ಅವಳ ಪರವಾಗಿ ತಿಂದು ಹೇಳಿದ ನಾನು ಅಲ್ಲೇ ನಿಂತಿದ್ದೆ. ಈ ಸಲ ಹೇಳಬೇಕಾದವಳು ಅವಳು.